ಇಟ್ಟುಕೊಂಡರೂ ನಾಲ್ಕೂವರೆ, ಕಳಿಸಿದರೂ ನಾಲ್ಕೂವರೆ

ನಾನು ನಿಂತಿದ್ದದ್ದು ಫ್ಯಾಕ್ಸ್ ಯಂತ್ರದ ಎಡಗಡೆ, ಬೆನ್ನು ಕಿಟಕಿಗೆ, ಮುಖ ಏಜೆಂಟರ ಮೇಜಿನ ಕಡೆಗೆ. ಮಾರ್ಚ್ ತಿಂಗಳ ಮೊದಲ ಗುರುವಾರ, ಮಧ್ಯಾಹ್ನ ಎರಡೂವರೆ. ವೈ-ಟೂ-ಕೆ ಗದ್ದಲ ಮುಗಿದು ಒಂದು ವರ್ಷ ಕಳೆದಿತ್ತು. ಜಾಗ ನ್ಯೂಜೆರ್ಸಿಯ ಹ್ಯಾರಿಸನ್. ಹಳೆಯ ಕಾರ್ಖಾನೆಯೊಂದರ ಎರಡನೇ ಮಹಡಿಯನ್ನು ಮೂರು ಕೋಣೆಗಳಾಗಿ ಒಡೆದು ಮಾಡಿದ್ದ ಆಫೀಸು. ನಾನು ನಿಂತಲ್ಲಿಂದ ಏಜೆಂಟರ ಮುಖ ಪೂರ್ತಿ ಕಾಣುತ್ತಿತ್ತು. ಸೋಫಾದಲ್ಲಿ ಕುಳಿತಿದ್ದ ಆಟಗಾರನ ಮುಖದ ಬಲಭಾಗ ಮಾತ್ರ ಕಾಣುತ್ತಿತ್ತು. ಇಷ್ಟು ವಿವರ ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ಮಧ್ಯಾಹ್ನ ನಡೆದದ್ದನ್ನು ಆಮೇಲೆ ಹಲವರು ಹಲವು ಥರ ಹೇಳಿದರು. ಅವರಲ್ಲಿ ಕೆಲವರು ಆ ಕೋಣೆಯೊಳಗೆ ಕಾಲಿಟ್ಟವರೂ ಅಲ್ಲ. ನಾನು ಅಲ್ಲಿದ್ದೆ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನು ನನ್ನ ಕನ್ನಡಕ್ಕೆ ತಂದಿದ್ದೇನೆ. ಕನ್ನಡದಲ್ಲಿ ಆಡಿದ್ದು ಇದ್ದ ಹಾಗೇ ಇದೆ.

ನನ್ನ ಮನೆ ಅದೇ ರಾಜ್ಯದ ಮೆಟುಚೆನ್‌ನಲ್ಲಿತ್ತು. ಬೆಳಿಗ್ಗೆ ರೈಲಿನಲ್ಲಿ ನ್ಯೂವಾರ್ಕಿಗೆ, ಅಲ್ಲಿಂದ ಇನ್ನೊಂದು ಸಣ್ಣ ರೈಲಿನಲ್ಲಿ ನದಿ ದಾಟಿ ಹ್ಯಾರಿಸನ್‌ಗೆ. ಈಗ ಆ ಸ್ಟೇಷನ್ನಿನ ಸುತ್ತ ಗಾಜಿನ ಅಪಾರ್ಟ್‌ಮೆಂಟುಗಳು ನಿಂತಿವೆ. ಆಗ ಇದ್ದದ್ದು ಖಾಲಿ ಗೋದಾಮು, ಮುಳ್ಳುತಂತಿ, ಕರಗಿ ಕಪ್ಪಾದ ಹಿಮ. ನನ್ನನ್ನು ಈ ದೇಶಕ್ಕೆ ಕರೆತಂದ ಕನ್ಸಲ್ಟಿಂಗ್ ಕಂಪನಿಯ ಅರ್ಧದಷ್ಟು ಜನ ಆ ಚಳಿಗಾಲ ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿದ್ದರು. ಡಾಟ್‌ಕಾಮ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನನಗೆ ಮಾತ್ರ ಯಾರೂ ಕೇಳಿರದಂಥ ಪ್ರಾಜೆಕ್ಟ್ ಸಿಕ್ಕಿತ್ತು: ಫುಟ್‌ಬಾಲ್ ಆಟಗಾರರ ಏಜೆಂಟರೊಬ್ಬರ ಆಫೀಸಿನಲ್ಲಿ, ಲೀಗಿನ ಪ್ರತಿ ತಂಡದ ಸಂಬಳದ ಲೆಕ್ಕ ಇಡುವ ಪ್ರೋಗ್ರಾಮ್ ಬರೆಯುವುದು.

ಫುಟ್‌ಬಾಲ್ ಅಂದರೆ ಇಲ್ಲಿನದು. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಹಿಡಿದು ಓಡುವ ಆಟ. ನಾನು ಅದರ ಒಂದು ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ. ನೋಡಬೇಕಾದ ಅಗತ್ಯವಿಲ್ಲ ಎಂದು ಹೇಳಿದವರು ಆ ಆಫೀಸಿನ ಅಕೌಂಟೆಂಟ್. ಅವರು ಧಾರವಾಡದ ಕಡೆಯವರು, ನನಗಿಂತ ಹದಿನೈದು ವರ್ಷಕ್ಕೆ ಹಿರಿಯರು. ಹಿಂದಿನ ವರ್ಷ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ಕೂತು, ಏನು ಓದಿದ್ದೀ, ಎಲ್ಲಿದ್ದೀ ಎಂದು ವಿಚಾರಿಸಿ, ಮುಂದಿನ ವಾರವೇ ನನ್ನನ್ನು ಇಲ್ಲಿಗೆ ಎಳೆದುಕೊಂಡಿದ್ದರು. ನಾನು ಅವರನ್ನು ಸರ್ ಅನ್ನುತ್ತಿದ್ದೆ. ಅವರು ನನ್ನನ್ನು ತಮ್ಮಾ ಅನ್ನುತ್ತಿದ್ದರು. ಸಿಟ್ಟು ಬಂದರೆ 'ಮೈಸೂರ್ ಮಂದಿ' ಎಂದು ಬಹುವಚನಕ್ಕೆ ಏರಿಸುತ್ತಿದ್ದರು.

"ಆಟ ಬಿಡೋ ತಮ್ಮಾ," ಎಂದು ಮೊದಲ ದಿನವೇ ಹೇಳಿದ್ದರು. "ನಮ್ಮ ಆಟ ಫೆಬ್ರುವರಿಯೊಳಗ ಸುರು ಆಗೋದು. ಅವರ ಆಟ ಮುಗದ ಮ್ಯಾಲ."

ಅದು ನಿಜವಾಗಿತ್ತು. ಪ್ರತಿ ತಂಡ ವರ್ಷಕ್ಕೆ ಆಟಗಾರರ ಮೇಲೆ ಇಷ್ಟೇ ಖರ್ಚು ತೋರಿಸಬಹುದು ಎಂದು ಲೀಗು ಒಂದು ಮಿತಿ ಹಾಕಿದೆ. ಅದನ್ನು ಎಲ್ಲರೂ ಕ್ಯಾಪ್ ಅನ್ನುತ್ತಾರೆ. ಒಪ್ಪಂದ ಮುಗಿದ ಆಟಗಾರರನ್ನು ಯಾವ ತಂಡ ಬೇಕಾದರೂ ಕೊಳ್ಳಬಹುದಾದ ಅವಧಿ ಶುರುವಾಗುವ ಮುನ್ನ, ಆ ಗುರುವಾರ ಸಂಜೆ ನಾಲ್ಕರೊಳಗೆ, ಪ್ರತಿ ತಂಡವೂ ಮಿತಿಯ ಕೆಳಗೆ ಬಂದಿರಬೇಕು. ಬಾರದಿದ್ದರೆ ಲೀಗಿನ ದಂಡ. ಹಾಗಾಗಿ ಫೆಬ್ರುವರಿ ಪೂರ್ತಿ ತಂಡಗಳು ಜಾಗ ಮಾಡಿಕೊಳ್ಳುವುದರಲ್ಲೇ ಇರುತ್ತವೆ. ಒಬ್ಬನ ಈ ವರ್ಷದ ಸಂಬಳವನ್ನು ಬೋನಸ್ ಎಂದು ಹೆಸರು ಬದಲಿಸಿ ಈಗಲೇ ಕೈಗೆ ಕೊಟ್ಟುಬಿಡುತ್ತಾರೆ. ಬೋನಸ್ಸಾದರೆ ಲೆಕ್ಕದಲ್ಲಿ ಮುಂದಿನ ವರ್ಷಗಳಿಗೂ ಹಂಚಬಹುದು. ಅದಕ್ಕೆ ಆಟಗಾರನ ತಕರಾರು ಇರುವುದಿಲ್ಲ. ಇನ್ನೊಬ್ಬನಿಗೆ ಸಂಬಳ ಇಳಿಸಿಕೋ ಎಂದು ಕೇಳುತ್ತಾರೆ. ಒಪ್ಪದಿದ್ದರೆ ಮನೆಗೆ ಕಳಿಸುತ್ತಾರೆ.

ಕಳಿಸುವುದರಲ್ಲಿ ಒಂದು ತೊಡಕಿದೆ. ಅದನ್ನು ಸರ್ ನನಗೆ ಹೇಳಿಕೊಟ್ಟ ಬಗೆ ಹೀಗಿತ್ತು:

"ಬೋನಸ್ ರೊಕ್ಕ ಆಗಲೇ ಕೊಟ್ಟಾರ, ಹೌದಿಲ್ಲೋ? ಲೆಕ್ಕದಾಗ ಮಾತ್ರ ವರ್ಷಕ್ಕಿಷ್ಟು ಅಂತ ಹಂಚ್ಯಾರ. ಆಳು ಇರೋತನಕ ಹಂಚಿಕಿ ನಡೀತದ. ಆಳು ಹೋದ ಅಂದ್ರ ಹಂಚಿಕಿ ಬಂದ್. ಉಳಿದದ್ದೆಲ್ಲಾ ಈ ವರ್ಷದ ತಲಿ ಮ್ಯಾಲ ಬಂದು ಕೂಡ್ತದ."

"ಯಾವಾಗ ಕಳಿಸಿದರೂ ಹಾಗೇನಾ ಸರ್?"

"ಜೂನ್ ಒಂದನೇ ತಾರೀಖು ದಾಟಿದ ಮ್ಯಾಲ ಕಳಿಸಿದ್ರ ಈ ವರ್ಷದ ಪಾಲು ಈ ವರ್ಷ, ಉಳಿದದ್ದು ಮುಂದಿನ ವರ್ಷ. ಮಾರ್ಚಿನಾಗ ಕಳಿಸಿದ್ರ ಎಲ್ಲಾ ಈಗ. ಇಷ್ಟ ನೋಡು ಈ ವಿದ್ಯಾ. ಇದರ ಮ್ಯಾಲ ಮಂದಿ ಮನಿ ಕಟ್ಯಾರ."

ಇನ್ನು ಆಟಗಾರನ ವಿಷಯ. ಚೆಂಡು ಎಸೆಯುವವನ ಮುಂದೆ ಗೋಡೆಯ ಹಾಗೆ ನಿಂತು ಎದುರಾಳಿಗಳನ್ನು ತಡೆಯುವ ಐವರಲ್ಲಿ ಅವನೊಬ್ಬ. ಪಶ್ಚಿಮದ ಒಂದು ಊರಿನ ತಂಡದಲ್ಲಿ ಬಹಳ ವರ್ಷಗಳಿಂದ ಆಡುತ್ತಿದ್ದ. ಸ್ವಂತ ಊರು ನ್ಯೂಜೆರ್ಸಿಯದೇ. ಮೂವತ್ತು ದಾಟಿತ್ತು. ಹಿಂದಿನ ಸೀಸನ್ನಿನಲ್ಲಿ ಅವನ ಎಡ ಮೊಣಕಾಲಿಗೆ ಎರಡನೇ ಸಲ ಆಪರೇಷನ್ ಆಗಿತ್ತು. ತಂಡದ ಡಾಕ್ಟರು ಆ ಕಾಲನ್ನು ವರ್ಷಗಟ್ಟಲೆ ನೋಡಿದ್ದವರು. ಆಡಬಹುದು ಎಂದು ಬರೆದುಕೊಟ್ಟಿದ್ದರು. ಬೇರೆ ಯಾವ ತಂಡದ ಡಾಕ್ಟರೂ ಹೊಸದಾಗಿ ಆ ಎಕ್ಸ್‌ರೇ ನೋಡಿ ಹಾಗೆ ಬರೆಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆ ತಂಡದಲ್ಲಿ ಉಳಿದರೆ ಅವನಿಗೆ ಇನ್ನೊಂದು ಸೀಸನ್. ಕಳಿಸಿದರೆ ಆಟ ಮುಗಿಯಿತು.

ಅವನು ಆ ದಿನ ಆಫೀಸಿಗೆ ಬರಲೇಬೇಕೆಂದಿರಲಿಲ್ಲ. ಮನೆಯಲ್ಲಿ ಫೋನಿನ ಪಕ್ಕ ಕೂರಲು ಆಗದೆ ಬಂದಿದ್ದ. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಮೊದಲು ಬಲಗಾಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತರುತ್ತಿದ್ದುದು ಗಾಜಿನ ಬಾಗಿಲಿನಿಂದ ಕಂಡಿತು. ಸೋಫಾದಲ್ಲಿ ಕುಳಿತಾಗ ಅದು ಮಧ್ಯಕ್ಕೆ ಬಗ್ಗಿತು.

"ಮಗಾ, ಆ ಸೋಫಾ ಮುರಿದರೆ ಅದೂ ನಿನ್ನ ಕ್ಯಾಪ್‌ಗೇ ಸೇರುತ್ತೆ," ಎಂದರು ರಿಸೆಪ್ಷನಿನಲ್ಲಿದ್ದ ಹೆಂಗಸು. ನ್ಯೂವಾರ್ಕಿನ ಪೋರ್ಚುಗೀಸ್ ಬೀದಿಯಿಂದ ಬರುತ್ತಿದ್ದ ಅಜ್ಜಿ ವಯಸ್ಸಿನವರು, ದಿನಾ ನನ್ನ ಚಿತ್ರಾನ್ನದ ಡಬ್ಬಿಯನ್ನು ಬಗ್ಗಿ ನೋಡಿ, "ಮತ್ತೆ ಹಳದಿಯಾ?" ಎಂದು ಕೇಳುತ್ತಿದ್ದರು. ಆಟಗಾರ ನಕ್ಕ. ಆ ದಿನ ಅವನು ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಎರಡೂವರೆಗೆ ಅವನ ತಂಡದಿಂದ ಫ್ಯಾಕ್ಸ್ ಬಂತು. ನಾನೇ ತೆಗೆದು ಏಜೆಂಟರಿಗೆ ಕೊಟ್ಟೆ. ಒಂದೇ ಹಾಳೆ. ಈ ವರ್ಷದ ಸಂಬಳವನ್ನು ಮೂರರಿಂದ ಒಂದಕ್ಕೆ ಇಳಿಸಲು ಆಟಗಾರ ಒಪ್ಪಿದ್ದಾನೆ ಎಂದು ಬರೆದು, ಕೆಳಗೆ ಸಹಿಗೆ ಗೆರೆ ಬಿಟ್ಟಿದ್ದರು. ಇಲ್ಲಿ ಬರೆಯುವ ಅಂಕಿಗಳೆಲ್ಲ ಮಿಲಿಯನ್‌ಗಳಲ್ಲಿ. ನಿಜವಾದವನ್ನು ಬರೆಯುವ ಹಕ್ಕು ನನಗಿಲ್ಲ, ದುಂಡಾಗಿಸಿದ್ದೇನೆ. ಪ್ರಮಾಣ ಮಾತ್ರ ಸರಿಯಿದೆ.

ಏಜೆಂಟರು ಹಾಳೆ ಓದಿ ಮೇಜಿನ ಮೇಲೆ ಬೋರಲಾಗಿ ಇಟ್ಟರು. ಅರವತ್ತು ದಾಟಿದ ವಕೀಲರು ಅವರು. ಈ ಕ್ಯಾಪ್ ಬಂದ ಕಾಲದಿಂದಲೂ ತಂಡಗಳೊಂದಿಗೆ ಮಾತಾಡುತ್ತಾ ಬಂದವರು. ಸರ್ ಕಡೆ ತಿರುಗಿ ಗದ್ದ ಎತ್ತಿದರು. ಸರ್ ನನ್ನ ಪ್ರೋಗ್ರಾಮಿನಿಂದ ಆ ತಂಡದ ಹಾಳೆ ಪ್ರಿಂಟ್ ತೆಗೆದು ಮೊದಲೇ ಇಟ್ಟುಕೊಂಡಿದ್ದರು. ಆಟಗಾರನಿಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದರು:

"ಈ ವರ್ಷ ನಿಮ್ಮ ಸಂಬಳ ಮೂರು. ಹಳೆಯ ಬೋನಸ್ಸಿನಲ್ಲಿ ಈ ವರ್ಷದ ಪಾಲು ಒಂದೂವರೆ. ಒಟ್ಟು ನಾಲ್ಕೂವರೆ. ನಿಮ್ಮನ್ನು ಇವತ್ತು ಕಳಿಸಿದರೆ ಸಂಬಳದ ಮೂರು ಹೋಗುತ್ತೆ. ಆದರೆ ಬೋನಸ್ಸಿನ ಪಾಲು ಈ ವರ್ಷವೂ ಸೇರಿ ಇನ್ನೂ ಮೂರು ವರ್ಷದ್ದು ಉಳಿದಿದೆ. ಮೂರು ಸಲ ಒಂದೂವರೆ, ಮತ್ತೆ ನಾಲ್ಕೂವರೆ. ಅದೆಲ್ಲ ಈ ವರ್ಷಕ್ಕೇ ಬೀಳುತ್ತೆ."

"ಇಟ್ಟುಕೊಂಡರೂ ನಾಲ್ಕೂವರೆ," ಎಂದರು ಏಜೆಂಟರು. "ಕಳಿಸಿದರೂ ನಾಲ್ಕೂವರೆ. ಅವರಿಗೆ ಒಂದು ಡಾಲರ್ ಉಳಿಯೋದಿಲ್ಲ. ಅವರು ಮಿತಿಗಿಂತ ಸುಮಾರು ಮೂರು ಮೇಲಿದ್ದಾರೆ. ನಿನ್ನನ್ನು ಹೆದರಿಸಿ ಎರಡು, ಇನ್ಯಾರಿಂದಲೋ ಒಂದು ಕಿತ್ತುಕೊಳ್ಳೋಕೆ ನೋಡ್ತಿದ್ದಾರೆ ಅಷ್ಟೆ."

ಆಟಗಾರ ನನ್ನ ಕಡೆ ತಿರುಗಿದ. "ಈ ಹಾಳೆ ನೀನು ಮಾಡಿದ್ದಾ?"

"ಪ್ರೋಗ್ರಾಮ್ ನನ್ನದು. ಅಂಕಿ ಅವರದು," ಎಂದು ಸರ್ ಕಡೆ ತೋರಿಸಿದೆ.

"ಸರಿ ಇದೆಯಾ?"

"ಸರಿ ಇದೆ," ಎಂದೆ. ಸರಿಯೇ ಇತ್ತು. ಆಮೇಲೆ ಎಷ್ಟೋ ಸಲ ಪರೀಕ್ಷಿಸಿದ್ದೇನೆ, ಒಂದು ಸೊನ್ನೆಯೂ ತಪ್ಪಿರಲಿಲ್ಲ.

ಅವನು ತೊಡೆಗಳ ಮೇಲೆ ಕೈ ಊರಿ ಕೂತ. "ನಾನು ಸೈನ್ ಮಾಡಿಬಿಡಬಹುದಲ್ಲ," ಎಂದ. "ಒಂದಾದರೂ ಸಣ್ಣ ದುಡ್ಡಲ್ಲ. ನನಗೆ ಬೇಕಿರೋದು ಇನ್ನೊಂದು ಸೀಸನ್."

"ಸೀಸನ್ನೂ ಸಿಗುತ್ತೆ, ಮೂರೂ ಸಿಗುತ್ತೆ. ಸುಮ್ಮನೆ ಕೂತುಕೋ," ಎಂದರು ಏಜೆಂಟರು.

ಮೂರು ಗಂಟೆಯ ಹೊತ್ತಿಗೆ ಆ ತಂಡದ ಕ್ಯಾಪ್ ನೋಡಿಕೊಳ್ಳುವವನು ಫೋನ್ ಮಾಡಿದ. ಏಜೆಂಟರು ಸ್ಪೀಕರಿಗೆ ಹಾಕಿದರು. ಆ ವರ್ಷವೇ ಆ ಕುರ್ಚಿಗೆ ಬಂದವನು, ಹಿಂದೆ ಬ್ಯಾಂಕಿನಲ್ಲಿದ್ದನಂತೆ. ಚಿಕ್ಕ ವಯಸ್ಸಿನ ದನಿ, ಬೇಗ ಬೇಗ ಮಾತು. ಹಿಂದಿನಿಂದ ಬೇರೆ ಫೋನುಗಳು ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು.

"ಹಾಳೆ ಬಂತಾ? ನನಗೆ ಮೂರೂವರೆಯೊಳಗೆ ಸಹಿ ಬೇಕು."

"ಸಂಬಳ ಇಳಿಸೋ ಮಾತು ಬೇಡ," ಎಂದರು ಏಜೆಂಟರು. "ಬೋನಸ್ ಮಾಡಿ. ಎರಡೂವರೆಯನ್ನು ಬೋನಸ್ಸಿಗೆ ಬದಲಾಯಿಸಿ, ಮೂರು ವರ್ಷಕ್ಕೆ ಹಂಚಿ. ಈಗಲೇ ಸೈನ್ ಮಾಡಿಸಿ ಕಳಿಸ್ತೀನಿ."

"ಓನರ್ ಈ ವಾರ ಚೆಕ್ ಬರೆಯೋದಿಲ್ಲ ಅಂದಿದ್ದಾರೆ. ನನಗೆ ದಾರಿ ಎರಡೇ. ಅವನು ಇಳಿಸಿಕೊಳ್ಳಲಿ, ಇಲ್ಲದಿದ್ದರೆ ಕಳಿಸ್ತೀನಿ. ಕಳಿಸಿದರೆ ನನಗೆ ಮೂರು ಉಳಿಯುತ್ತೆ. ಮೂರರಲ್ಲಿ ನನ್ನ ಕೆಲಸ ಮುಗಿಯುತ್ತೆ."

ಮೂರು ಉಳಿಯುತ್ತೆ. ನಾನು ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಸರ್ ಕೂಡ ಕೇಳಿಸಿಕೊಂಡರು. ಅವರ ಕೈಯಲ್ಲಿದ್ದ ಪೆನ್ಸಿಲ್ ಹಾಳೆಯ ಮೇಲೆ ನಿಂತಿತು. ಏಜೆಂಟರು ಮ್ಯೂಟ್ ಗುಂಡಿ ಒತ್ತಿ ನಕ್ಕರು.

"ನೋಡಿ, ನಮ್ಮನ್ನು ಪರೀಕ್ಷೆ ಮಾಡ್ತಿದ್ದಾನೆ," ಎಂದರು. "ಮೂರು ಅಂತೆ!"

ಸರ್ ಅವರ ಕಡೆ ನೋಡಲಿಲ್ಲ. ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳಿದರು: "ತಮ್ಮಾ, ಇಂವಾ ಸುಳ್ಳು ಹೇಳಾಕತ್ತಿಲ್ಲ. ಇಂವಗ ಗೊತ್ತಿಲ್ಲ. ಜೂನಿನ ಲೆಕ್ಕ ಮಾರ್ಚಿಗೆ ಹಾಕ್ಯಾನ."

"ಅಷ್ಟು ಗೊತ್ತಿಲ್ಲದೆ ಆ ಕೆಲಸದಲ್ಲಿ ಇರ್ತಾರಾ ಸರ್?"

"ಹೊಸಬ ಇದ್ದಾನ. ಈ ವರ್ಷದ ಒಂದೂವರಿ ಈಗ ಹಿಡದು ಉಳಿದ ಮೂರನ್ನ ಮುಂದಿನ ವರ್ಷಕ್ಕ ದೂಡ್ಯಾನ. ಅದಕ್ಕ ಮೂರು ಉಳೀತದ ಅಂತ ಕುಂತಾನ. ಕೇಳು ಅವನ ದನಿ. ಸುಳ್ಳು ಹೇಳೋರು ಹಿಂಗ ಹೇಳ್ತಾರೇನು?"

"ಏನಂತೆ?" ಎಂದು ಆಟಗಾರ ಕೇಳಿದ. ನಮ್ಮಿಬ್ಬರ ಮುಖ ನೋಡುತ್ತಿದ್ದ. "ನಿಮ್ಮ ಭಾಷೆಯಲ್ಲಿ ಏನು ಹೇಳಿದ್ರಿ?"

ಸರ್ ಇಂಗ್ಲಿಷಿನಲ್ಲಿ, ಏಜೆಂಟರಿಗೆ ಕೇಳಿಸುವ ಹಾಗೆ ಹೇಳಿದರು. ತಂಡದವನು ನಿಜವಾಗಿಯೂ ತಪ್ಪು ತಿಳಿದಿದ್ದಾನೆ ಅನ್ನಿಸುತ್ತದೆ. ನಮ್ಮ ಹಾಳೆಯನ್ನು ಅವನಿಗೆ ಓದಿ ಹೇಳಿಬಿಡೋಣ.

ಏಜೆಂಟರ ಕಿವಿ ಕೆಂಪಾಯಿತು. "ನನ್ನ ಹಾಳೆಯನ್ನು ಎದುರು ಕಡೆಯವನಿಗೆ ಓದೋದಾ? ಇಷ್ಟು ವರ್ಷದಲ್ಲಿ ಒಂದು ಸಲ ಮಾಡಿಲ್ಲ. ನಾವು ಯಾವ ತಂಡಕ್ಕೆ ಏನು ಲೆಕ್ಕ ಇಟ್ಟಿದ್ದೀವಿ ಅಂತ ಗೊತ್ತಾದರೆ ನಾಳೆಯಿಂದ ನನ್ನ ಬೇರೆ ಆಟಗಾರರ ಗತಿ ಏನು? ಮತ್ತೆ ಆ ಕುರ್ಚಿಯಲ್ಲಿ ಕೂರುವವನಿಗೆ ಜೂನ್ ಒಂದು ಗೊತ್ತಿರೋದಿಲ್ಲವಾ? ಅದು ಮೊದಲ ಪಾಠ. ಅವನಿಗೆ ಗೊತ್ತು. ಗೊತ್ತಿಲ್ಲದವನ ಹಾಗೆ ಆಡ್ತಿದ್ದಾನೆ. ಒಳ್ಳೆ ಆಟಗಾರ."

ಇದು ಆ ಕೆಲಸದವರ ರೀತಿ. ನಾನು ಅಲ್ಲಿದ್ದಷ್ಟು ಕಾಲ ನೋಡಿದ್ದು ಇದನ್ನೇ. ಎದುರಿನವನು ಬಾಯಿ ತೆರೆದರೆ ಅದರ ಹಿಂದೆ ಏನೋ ಲೆಕ್ಕಾಚಾರ ಇದೆ ಎಂದೇ ಹಿಡಿಯುತ್ತಿದ್ದರು. ಎದುರಿನವನಿಗೆ ಗೊತ್ತಿಲ್ಲದೆ ಇರಬಹುದು ಎಂಬುದು ಅವರ ತಲೆಗೆ ಹೊಳೆಯುತ್ತಿರಲಿಲ್ಲ. ಸರ್ ಬೇರೆ ಲೋಕದಿಂದ ಬಂದವರು. ಹುಬ್ಬಳ್ಳಿಯ ಅಂಗಡಿಗಳ ಲೆಕ್ಕ ತಪಾಸಣೆ ಮಾಡಿ ಬೆಳೆದವರಿಗೆ, ಮೋಸಕ್ಕಿಂತ ತಪ್ಪೇ ಹೆಚ್ಚೆಂದು ಗೊತ್ತಿತ್ತು.

ಏಜೆಂಟರು ಮ್ಯೂಟ್ ತೆಗೆದರು.

"ನೀನು ಏನು ಮಾಡಬೇಕೋ ಮಾಡು ಮಗನೇ," ಎಂದು ಹೇಳಿ ಫೋನ್ ಇಟ್ಟರು.

ಹೊರಗೆ ರಿಸೆಪ್ಷನಿನ ಅಜ್ಜಿ ಬೇರೆ ಯಾರಿಗೋ, "ಇಲ್ಲ, ಅವರು ಬ್ಯುಸಿ," ಎನ್ನುತ್ತಿದ್ದರು. ಆಟಗಾರ ಸೋಫಾದ ಕೈ ಹಿಡಿದು ಎದ್ದ. ಏಳಲು ಎರಡು ಸಲ ಪ್ರಯತ್ನಿಸಬೇಕಾಯಿತು. ನನ್ನ ಪಕ್ಕ ಕಿಟಕಿಯ ಬಳಿ ಬಂದು ನಿಂತ. ಅವನು ಅಷ್ಟು ಹತ್ತಿರ ನಿಂತಾಗ ಕಿಟಕಿಯ ಬೆಳಕು ಕಡಿಮೆಯಾಯಿತು.

"ನಿಮ್ಮ ಅಕೌಂಟೆಂಟ್ ಹೇಳೋದು ಸರಿಯಾದರೆ," ಎಂದ, ಮುಖ ತಿರುಗಿಸದೆಯೇ ಏಜೆಂಟರನ್ನು ಉದ್ದೇಶಿಸಿ, "ಸಹಿ ಹಾಕದಿದ್ದರೆ ನನ್ನ ಆಟ ಹೋಗುತ್ತೆ. ನೀವು ಹೇಳೋದು ಸರಿಯಾದರೆ, ಸಹಿ ಹಾಕಿದರೆ ನನ್ನ ಎರಡು ಹೋಗುತ್ತೆ. ಅಷ್ಟೇ ತಾನೆ?"

"ಅಷ್ಟೇ. ಆದರೆ ನಾನು ಹೇಳೋದು ಸರಿ."

"ನೀವು ಯಾವಾಗಲೂ ಸರಿ ಇದ್ದೀರಿ. ಅದಕ್ಕೇ ಇಷ್ಟು ವರ್ಷ ನಿಮ್ಮ ಜೊತೆ ಇದ್ದೀನಿ." ಕಿಟಕಿಯ ಚೌಕಟ್ಟಿಗೆ ಕೈ ಊರಿದ. "ನನ್ನ ಮಗ ಈಗ ಕಿಂಡರ್‌ಗಾರ್ಟನ್. ಟೀವಿಯಲ್ಲಿ ನಾನು ಯಾವನು ಅಂತ ಅವನಿಗೆ ಈ ವರ್ಷ ತಾನೇ ಗೊತ್ತಾಗೋಕೆ ಶುರುವಾಯ್ತು. ಎಲ್ಲರೂ ಒಂದೇ ಹೆಲ್ಮೆಟ್ಟು ನೋಡಿ, ಗುರುತು ಸಿಗೋಲ್ಲ. ಈಗ ನಂಬರ್ ಓದ್ತಾನೆ." ಮತ್ತೆ ತಿರುಗಿ, "ಪೆನ್ ಕೊಡಿ," ಎಂದ.

ಏಜೆಂಟರು ಅಲುಗಾಡಲಿಲ್ಲ. ಸರ್ ತಮ್ಮ ಜೇಬಿನ ಪೆನ್ ಕೊಟ್ಟರು. ಆಟಗಾರ ಮೇಜಿನ ಮೇಲೆ ಬೋರಲಾಗಿದ್ದ ಹಾಳೆಯನ್ನು ತಿರುಗಿಸಿ, ಬಾಗಲು ಕಷ್ಟವಾದದ್ದರಿಂದ ಅದನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದ. ಪೆನ್ ಗೋಡೆಗೆ ಬರೆಯದೆ ಎರಡು ಸಲ ಕೈಕೊಟ್ಟಿತು. ಒದರಿ ಮತ್ತೆ ಬರೆದ. ನನ್ನ ಕೈಗೆ ಕೊಟ್ಟು, "ಹೋಗೋಕೆ ಎಷ್ಟು ಹೊತ್ತು?" ಎಂದು ಕೇಳಿದ.

"ಒಂದು ನಿಮಿಷ," ಎಂದೆ.

ಗೋಡೆಯ ಗಡಿಯಾರದಲ್ಲಿ ಇನ್ನೂ ಮೂರೂವರೆಯಾಗಿರಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಟಗಾರ, ಸರ್, ನಾನು ಮೂವರೂ ಒಟ್ಟಿಗೆ ಅದರ ಕಡೆ ನೋಡಿದೆವು. ಹಾಳೆಯನ್ನು ಟ್ರೇನಲ್ಲಿ ಇಟ್ಟೆ. ನಂಬರ್ ಒತ್ತಲು ಬೆರಳು ಚಾಚಿದೆ. ಮೊದಲ ಅಂಕಿ ಒತ್ತುವ ಮುನ್ನ ಯಂತ್ರ ತಾನಾಗಿ ಒಂದು ಸಲ ರಿಂಗಾಯಿತು, ಹಸಿರು ದೀಪ ಹತ್ತಿತು, ಒಳಗಿನ ಉರುಳೆ ತಿರುಗತೊಡಗಿತು. ಎದುರಿನಿಂದ ಏನೋ ಬರುತ್ತಿತ್ತು. ಬರುವಾಗ ಕಳಿಸಲಾಗದು, ಲೈನ್ ಒಂದೇ. ನಾನು ಕೈ ಹಿಂದೆಳೆದುಕೊಂಡೆ.

ಹಾಳೆ ತಲೆಕೆಳಗಾಗಿ ಹೊರಬರುತ್ತಿತ್ತು. ಮೊದಲು ಕಂಡದ್ದು ತಂಡದ ಲಾಂಛನ. ನಂತರ ಲೀಗಿನ ಆಫೀಸಿನ ವಿಳಾಸ, ಅದರ ಕೆಳಗೆ ನಕಲು ಏಜೆಂಟರಿಗೆ ಎಂಬ ಸೂಚನೆ. ಆಮೇಲೆ ಆಟಗಾರನ ಹೆಸರು. ಅವನನ್ನು ಒಪ್ಪಂದದಿಂದ ಬಿಡುಗಡೆ ಮಾಡಲಾಗಿದೆ ಎಂದು ಒಂದು ಸಾಲು. ನಾನು ಅದನ್ನು ಹರಿಯದೆ ತೆಗೆಯಲು ಪ್ರಯತ್ನಿಸಿದೆ. ಆದರೂ ಒಂದು ಮೂಲೆ ಹರಿಯಿತು. ಆಟಗಾರ ನನ್ನ ಭುಜದ ಮೇಲಿಂದ ಓದುತ್ತಿದ್ದ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಓದಿದ್ದು ಮುಗಿದ ಮೇಲೂ ಅವನು ಅಲ್ಲೇ ನಿಂತಿದ್ದ.

"ನಮ್ಮದು ಕಳಿಸೋ ತಮ್ಮಾ," ಎಂದರು ಸರ್. "ಹೋಗಲಿ, ಕಳಿಸು."

ಕಳಿಸಿದೆ. ಒಂದು ನಿಮಿಷದೊಳಗೆ ಹೋಯಿತು. ತಲುಪಿತೆಂಬ ಚೀಟಿಯೂ ಬಂತು.

ಏಜೆಂಟರು ಆ ತಂಡಕ್ಕೆ ಫೋನ್ ಮಾಡಿದರು. ಈ ಸಲ ಅವರ ಬೆರಳು ಎರಡು ಸಲ ತಪ್ಪು ನಂಬರ್ ಒತ್ತಿತು.

"ಮೂರೂವರೆ ಅಂದಿದ್ದೆ ನೀನು!"

"ನೀವು 'ಏನು ಮಾಡಬೇಕೋ ಮಾಡು' ಅಂದಿರಿ," ಎಂದ ಅತ್ತಲಿನವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಗೊಂದಲಗೊಂಡವನ ಹಾಗಿದ್ದ. "ಅದು ಇಲ್ಲ ಅನ್ನೋ ಉತ್ತರ ಅಲ್ಲವಾ? ಓನರ್ ಪಕ್ಕದಲ್ಲೇ ನಿಂತಿದ್ದಾರೆ. ಲೀಗಿಗೆ ಹೋಗಿಬಿಟ್ಟಿದೆ. ವಾಪಸ್ ತಗೊಳ್ಳೋಕಾಗಲ್ಲ."

"ಸಹಿ ಮಾಡಿದ ಹಾಳೆ ನಿನ್ನ ಯಂತ್ರದಲ್ಲಿದೆ."

"ನೋಡ್ತಿದ್ದೀನಿ," ಎಂದ. ಹಾಳೆ ಸರಸರ ಅನ್ನುವುದು ಸ್ಪೀಕರಿನಲ್ಲಿ ಕೇಳಿಸಿತು. "ಒಬ್ಬ ಮನುಷ್ಯನನ್ನು ಬಿಡುಗಡೆ ಮಾಡಿದ ಮೇಲೆ ಅವನ ಸಂಬಳ ಇಳಿಸೋಕೆ ಆಗಲ್ಲ ಸರ್."

ಫೋನ್ ಇಟ್ಟ ಮೇಲೆ ಏಜೆಂಟರು ಆಟಗಾರನ ಕಡೆ ತಿರುಗಿದರು. ಅವನು ಮತ್ತೆ ಸೋಫಾದಲ್ಲಿ ಕೂತು ಎಡಗಾಲನ್ನು ಉದ್ದಕ್ಕೆ ಚಾಚಿ, ಮೊಣಕಾಲ ಮೇಲೆ ಎರಡೂ ಕೈ ಇಟ್ಟಿದ್ದ.

ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಫೋನ್ ಮತ್ತೆ ಹೊಡೆಯಿತು. ಅದೇ ಮನುಷ್ಯ. ದನಿ ಎಷ್ಟು ಬದಲಾಗಿತ್ತೆಂದರೆ ಮೊದಲು ಬೇರೆ ಯಾರೋ ಅಂದುಕೊಂಡೆ.

"ನಿಮ್ಮ ಹತ್ತಿರ ನಮ್ಮ ತಂಡದ ಲೆಕ್ಕ ಇದೆ ಅಂತ ನನಗೆ ಗೊತ್ತು," ಎಂದ. "ಎಲ್ಲ ಏಜೆಂಟರೂ ಇಟ್ಟಿರ್ತಾರೆ. ಲೀಗಿನವರು ಫೋನ್ ಮಾಡಿದ್ದರು. ನಾನಿನ್ನೂ ಮಿತಿಯ ಮೇಲೇ ಇದ್ದೀನಂತೆ. ಅವನಿಗೆ ನೀವು ಎಷ್ಟು ಹಾಕಿದ್ದೀರಿ?"

ಸರ್ ತಮ್ಮ ಕುರ್ಚಿಯಿಂದ ಎದ್ದು ಸ್ಪೀಕರಿನ ಬಳಿಗೆ ಹೋದರು. ಆ ಆಫೀಸಿನಲ್ಲಿ ಅವರು ಎಂದೂ ತಂಡದವರ ಜೊತೆ ಮಾತಾಡಿದವರಲ್ಲ. ಅದು ಅವರ ಕೆಲಸವಾಗಿರಲಿಲ್ಲ.

"ನಾಲ್ಕೂವರೆ," ಎಂದರು. "ಇಟ್ಟುಕೊಂಡಿದ್ದರೂ. ಕಳಿಸಿದರೂ."

ಅತ್ತ ಕಡೆ ಹಾಳೆಗಳನ್ನು ಮಗುಚುವ ಸದ್ದು ಕೇಳಿಸಿತು.

"ಎರಡು ವರ್ಷಕ್ಕೆ ಹಂಚೋದಲ್ಲವಾ?"

"ಜೂನ್ ಆದ ಮೇಲೆ. ಇದು ಮಾರ್ಚ್."

ಆ ಮನುಷ್ಯ 'ಓಹ್' ಎಂದ. ಅಷ್ಟೇ. ನಂತರ ಫೋನ್ ಇಟ್ಟ ಸದ್ದು. ಮಿತಿಯ ಕೆಳಗೆ ಬರಲು ಆ ತಂಡ ನಾಲ್ಕು ಗಂಟೆಯೊಳಗೆ ಇನ್ನೊಬ್ಬ ಆಟಗಾರನನ್ನೂ ಬಿಟ್ಟಿತೆಂದು ಆಮೇಲೆ ಬಂದ ಸುದ್ದಿಯಲ್ಲಿ ಓದಿದೆವು. ಅವನ ಏಜೆಂಟ್ ಬೇರೆ.

ಆಟಗಾರ ನಮ್ಮ ಹಾಳೆಯನ್ನು ಕೇಳಿ ತರಿಸಿಕೊಂಡ. ತನ್ನ ಹೆಸರಿನ ಸಾಲನ್ನು ಬೆರಳಿನಿಂದ ಹುಡುಕಿದ. ಆ ಬೆರಳು ಎರಡು ಸಾಲು ಮುಚ್ಚುತ್ತಿತ್ತು.

"ಅಂದರೆ ನಾನಿಲ್ಲದ ತಂಡಕ್ಕೆ," ಎಂದ, "ನಾನಿರುವಷ್ಟೇ ಖರ್ಚು."

"ಹೌದು," ಎಂದರು ಸರ್.

"ಸುಮ್ಮನೆ ಇಟ್ಟುಕೊಂಡಿದ್ದರೂ ಆಗುತ್ತಿತ್ತು."

"ಹೌದು."

ಅವನು ಹೆಂಡತಿಗೆ ಫೋನ್ ಮಾಡಿ, ಆಯ್ತು, ಬರ್ತೀನಿ, ಎಂದ. ಊಟಕ್ಕೆ ಏನಾದರೂ ತರಬೇಕಾ ಎಂದು ಕೇಳಿದ. ಹೊರಡುವಾಗ ನಮ್ಮೆಲ್ಲರ ಕೈ ಕುಲುಕಿದ; ಏಜೆಂಟರ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದ. ರಿಸೆಪ್ಷನಿನ ಅಜ್ಜಿಗೆ ವಿಷಯ ಅಷ್ಟರಲ್ಲಿ ಗೊತ್ತಾಗಿತ್ತು. ಅವರು ಕುರ್ಚಿ ಬಿಟ್ಟು ಬಂದು, ಅವನ ಎದೆಯ ಮಟ್ಟಕ್ಕೂ ಬಾರದ ಎತ್ತರದಲ್ಲಿ ನಿಂತು, ಅವನ ಕೋಟಿನ ಗುಂಡಿ ಹಾಕಿದರು. "ಚಳಿ ಇದೆ ಮಗಾ," ಎಂದರು. ಇಳಿಯುವಾಗ ಅವನು ಮೊದಲು ಎಡಗಾಲು ಇಡುತ್ತಿದ್ದ.

ಸಂಜೆಯ ರೈಲಿನಲ್ಲಿ ಸರ್ ಮತ್ತು ನಾನು ಎದುರುಬದುರು ಕೂತಿದ್ದೆವು. ರೈಲು ಎಲಿಜಬೆತ್ ಸ್ಟೇಷನ್ ದಾಟಿತು.

"ಫೋನ್ ನಾನ ಎತ್ತಿ ಹೇಳಬೇಕಾಗಿತ್ತೇನೋ," ಎಂದರು ಸರ್. "ನೌಕರಿ ಹೋಗ್ತಿತ್ತು. ಹೋಗಲಿ."

"ಹೇಳಿದ್ದರೂ ಅವನು ನಂಬುತ್ತಿದ್ದನಾ ಸರ್? ಅವನೂ ನಾವು ಆಟ ಆಡ್ತಿದ್ದೀವಿ ಅಂತಲೇ ಅಂದುಕೊಳ್ಳುತ್ತಿದ್ದ."

ಮೆಟುಚೆನ್‌ನಲ್ಲಿ ಇಬ್ಬರೂ ಇಳಿದೆವು. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಕೀ ಹುಡುಕುತ್ತಾ ನಿಂತವರು, "ಮನಿಗೆ ಬಾರೋ, ರೊಟ್ಟಿ ಮಾಡ್ಯಾಳ," ಎಂದರು. ಹೋದೆ. ಅವರ ಹೆಂಡತಿ ಬಡಿಸಿದರು. ಇಬ್ಬರೂ ಉಂಡೆವು.

ಆ ವಸಂತದಲ್ಲಿ ಏಜೆಂಟರು ಅವನನ್ನು ಮೂರು ತಂಡಗಳಿಗೆ ಕಳಿಸಿದರು. ವಿಮಾನ ಹತ್ತಿ ಹೋದ. ಮೂರು ಕಡೆಯೂ ಡಾಕ್ಟರು ಮೊಣಕಾಲನ್ನು ನೋಡಿದರು. ಮೂರು ಕಡೆಯಿಂದಲೂ ಮರುದಿನವೇ ವಾಪಸ್ ಬಂದ. ಪ್ರತಿ ಸಲವೂ ಏಜೆಂಟರು ಸ್ಪೀಕರಿಗೆ ಹಾಕದೆ, ಫೋನನ್ನು ಕಿವಿಗೆ ಒತ್ತಿಕೊಂಡು ಉತ್ತರ ಕೇಳಿದರು. ಸೆಪ್ಟೆಂಬರಿನಲ್ಲಿ ಸೀಸನ್ ಶುರುವಾದಾಗ ಅವನ ಹೆಸರು ಯಾವ ತಂಡದಲ್ಲೂ ಇರಲಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಆ ವರ್ಷವಿಡೀ ಅವನು ಆ ಹಳೆಯ ತಂಡದ ಹಾಳೆಯಲ್ಲೇ ಇದ್ದ. ಹೋದವರ ಸಾಲಿನಲ್ಲಿ, ನಾಲ್ಕೂವರೆಯ ಎದುರು.

ಆಫೀಸು ನಂತರ ಹೆಚ್ಚು ದಿನ ಉಳಿಯಲಿಲ್ಲ. ಏಜೆಂಟರು ತೀರಿಕೊಂಡು ಈಗ ಹತ್ತು ವರ್ಷದ ಮೇಲಾಯಿತು. ಕೊನೆಯವರೆಗೂ ತಂಡದ ಆ ಹುಡುಗನಿಗೆ ಲೆಕ್ಕ ಗೊತ್ತಿತ್ತೆಂದೇ ಅವರು ವಾದಿಸುತ್ತಿದ್ದರೆಂದು ಕೇಳಿದ್ದೇನೆ; ನನ್ನ ಎದುರಿಗೆ ಹೇಳಿದ್ದಲ್ಲ, ಹಾಗಾಗಿ ಖಾತರಿ ಕೊಡಲಾರೆ. ರಿಸೆಪ್ಷನಿನ ಅಜ್ಜಿಯೂ ಇಲ್ಲ. ಫೋನಿನ ಆ ಕಡೆ ಇದ್ದವನ ಮುಖವನ್ನು ನಾನು ನೋಡಿಲ್ಲ, ನಮ್ಮ ಕೋಣೆಯೊಳಗೆ ನಡೆದದ್ದನ್ನು ಅವನೂ ನೋಡಿಲ್ಲ. ಅವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಡವರಲ್ಲಿ ಬದುಕಿರುವವರು, ನನ್ನನ್ನು ಬಿಟ್ಟರೆ, ಇಬ್ಬರು: ಮೆಟುಚೆನ್‌ನಲ್ಲಿ ಅದೇ ಮನೆಯಲ್ಲಿರುವ, ಈಗ ಕಿವಿ ಮಂದವಾಗಿರುವ ಧಾರವಾಡದ ಅಕೌಂಟೆಂಟ್, ಮತ್ತು ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಗೋಡೆಯಂತೆ ನಿಲ್ಲುವುದನ್ನು ಕ್ರಚ್ ಊರಿಕೊಂಡು ಕಲಿಸುವ ಆ ಆಟಗಾರ.